ಹಾಡುಗಾರನಿಲ್ಲದ ಗಿಟಾರ್

ಚನ್ನಪಟ್ಟಣವೆಂದೊಡನೆ ಬಣ್ಣದ ಬೊಂಬೆಗಳು ನೆನಪಾಗುವುದು ಸಹಜ. ಆದರೆ 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಂಡು ಬರೆದಿಟ್ಟ ಕಸುಬುಗಳಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ತಯಾರಿಕೆಯೂ ಒಂದು. ಮಾಗಡಿಯ ಕಡೆ ಆಗ ಕಬ್ಬಿಣ ಕರಗಿಸುವ ಕುಲುಮೆಗಳಿದ್ದುವು. ಚನ್ನಪಟ್ಟಣದ ತಂತಿಗೆ ದೂರದ ಊರುಗಳಿಂದಲೂ ಬೇಡಿಕೆಯಿತ್ತು. ವೀಣೆಯ ತಂತಿ ಮೀಟಿದರೆ ನುಡಿದೀತು, ಅಷ್ಟು ಸಾಲದು. ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದಾಗ ಸ್ವರ ಏರಬೇಕು, ತಂತಿ ಹರಿಯಬಾರದು. ವೀಣೆಯಲ್ಲಿ ಗಮಕದ ಜೀವವೇ ಆ ಎಳೆತ.

ವಿದ್ಯುತ್ ಗಿಟಾರಿನದೂ ಉಕ್ಕಿನ ತಂತಿಯೇ. ಅದನ್ನೂ ಹಾಗೆಯೇ ಎಳೆಯುತ್ತಾರೆ. ತಂತಿಯ ಕೆಳಗೆ ಅಯಸ್ಕಾಂತವೂ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಅದುರಿದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಧ್ವನಿವರ್ಧಕಕ್ಕೆ ಹೋಗುತ್ತದೆ. ಆದ್ದರಿಂದ ಒಮ್ಮೆ ಮೀಟಿದ ನಾದ ಬೇಗ ಆರದೆ ಗಾಯಕರ ಕಾರ್ವೆಯಂತೆ ನಿಲ್ಲಬಲ್ಲುದು. ಇಷ್ಟಿದ್ದರೂ ರಾಕ್ ತಂಡದಲ್ಲಿ ಗಿಟಾರ್ ಬಹುಮಟ್ಟಿಗೆ ಪಕ್ಕವಾದ್ಯವೇ. ಹಾಡುಗಾರ ಉಸಿರು ತೆಗೆದುಕೊಳ್ಳುವಾಗ ನಾಲ್ಕು ಆವರ್ತ ಅದರ ಪಾಲಿಗೆ. ನಮ್ಮ ಪಿಟೀಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಅಂಥ ವಾದಕನೊಬ್ಬ ತಂಡವನ್ನೂ ಹಾಡುಗಾರನನ್ನೂ ಬಿಟ್ಟು ಹೊರಟರೆ ಕೇಳುವವರು ಉಳಿದಾರೆ? ನಮ್ಮ ಬೆಂಗಳೂರಿನ ರಿಕಿ ಕೇಜ್ 'ಏಂಜೆಲ್ ಡಸ್ಟ್' ಎಂಬ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಅದನ್ನು ಬಿಟ್ಟು 2003ರಲ್ಲಿ ಸ್ವಂತ ಸ್ಟುಡಿಯೋ ತೆರೆದರು. ದಕ್ಷಿಣ ಆಫ್ರಿಕದ ಕೊಳಲುವಾದಕ ವೂಟರ್ ಕೆಲ್ಲರ್‌ಮನ್ನರೊಡನೆ ರಚಿಸಿದ 'ವಿಂಡ್ಸ್ ಆಫ್ ಸಂಸಾರ'ಕ್ಕೆ 2015ರಲ್ಲಿ ಗ್ರಾಮಿ ಬಂದಿತು. ಆದರೆ ಅವರು ಹಲವು ವಾದ್ಯ, ಹಲವು ಕಂಠಗಳನ್ನು ಕೂಡಿಸುವ ಸಂಯೋಜಕರು. ಗಿಟಾರ್ ಒಂದನ್ನೇ ನೆಚ್ಚಿದವರ ಪಾಡು ಇನ್ನೂ ಬಿಗಿಯಾದುದು.

ಇಂಗ್ಲೆಂಡಿನ ಜೆಫ್ ಬೆಕ್ (1944–2023) ಅಂಥವರು. 1965ರಲ್ಲಿ 'ಯಾರ್ಡ್‌ಬರ್ಡ್ಸ್' ತಂಡ ಸೇರಿ ಮರುವರ್ಷವೇ ಹೊರಬಂದರು. ಒಡನೆಯೇ ಒಂಟಿಯಾಗಲಿಲ್ಲ, ತಮ್ಮದೇ ತಂಡ ಕಟ್ಟಿ ರಾಡ್ ಸ್ಟುವರ್ಟರಿಂದ ಹಾಡಿಸಿದರು. 1975ರ 'ಬ್ಲೋ ಬೈ ಬ್ಲೋ' ಧ್ವನಿಮುದ್ರಿಕೆಯಲ್ಲಿ ಮಾತ್ರ ಹಾಡುಗಾರರೇ ಇಲ್ಲ. ನಿರ್ಮಾಪಕರು ಬೀಟಲ್ಸ್ ತಂಡದ ಮುದ್ರಿಕೆಗಳಿಂದ ಹೆಸರಾದ ಜಾರ್ಜ್ ಮಾರ್ಟಿನ್. ಸಾಹಿತ್ಯವಿಲ್ಲದ ಈ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು.

ಅದರಲ್ಲೊಂದು ಸ್ಟೀವಿ ವಂಡರ್ ರಚಿಸಿ, 1974ರಲ್ಲಿ ಸಿರೀಟಾ ಎಂಬಾಕೆ ಹಾಡಿದ್ದ ವಿರಹದ ಹಾಡು. ಮಾತನ್ನು ತೆಗೆದ ಮೇಲೆ ವಿರಹವನ್ನು ಹೇಳುವುದು ಹೇಗೆ? ಬೆಕ್ ತಂತಿ ಮೀಟುವಾಗ ಧ್ವನಿಯ ಗುಂಡಿಯನ್ನು ಇಳಿಸಿಟ್ಟು, ಬಳಿಕ ಕಿರುಬೆರಳಿನಿಂದ ಮೆಲ್ಲಗೆ ಏರಿಸುತ್ತಾರೆ. ಮೀಟಿದ ಪೆಟ್ಟು ಕೇಳಿಸುವುದಿಲ್ಲ. ಸ್ವರ ಮಾತ್ರ ನಿಟ್ಟುಸಿರಿನಂತೆ ಮೌನದಿಂದ ಎದ್ದು ಬರುತ್ತದೆ. ಮುಂದೆ ಮೀಟುವ ಕಡ್ಡಿಯನ್ನೇ ಬಿಟ್ಟು ಬರಿಬೆರಳಿನಲ್ಲಿ ನುಡಿಸತೊಡಗಿದರು. ಅವರ ಎಲ್ಲ ತಟ್ಟೆಗಳೂ ನನಗೆ ರುಚಿಸಿವೆಯೆಂದಲ್ಲ, ಕೆಲವದರಲ್ಲಿ ಗದ್ದಲವೇ ಹೆಚ್ಚು.

ನಮಗೆ ಹತ್ತಿರವಾದುದು 2001ರ ಮುದ್ರಿಕೆಯ 'ನಾದಿಯಾ'. ನಿತಿನ್ ಸಾಹ್ನಿಯವರ ಈ ರಚನೆಯನ್ನು ಮೊದಲು ಹಾಡಿದವರು ಸ್ವಾತಿ ನಾಟೇಕರ್. ಆ ಕಂಠದ ಗಮಕಗಳನ್ನು ಬೆಕ್ ತಂತಿಯ ಮೇಲೆ ಕೊಳವೆ ಜಾರಿಸಿ, ನಮ್ಮ ಗೋಟುವಾದ್ಯದವರಂತೆ, ಹೊರಡಿಸಿದರು. ಕುತೂಹಲವುಳ್ಳವರು ಮೊದಲು ಹಾಡಿದುದನ್ನು ಕೇಳಿ, ಆಮೇಲೆ ನುಡಿಸಿದುದನ್ನು ಕೇಳಬೇಕು. ತಂತಿ ಎಲ್ಲಿಯವರೆಗೆ ಕಂಠದ ಬೆನ್ನು ಹಿಡಿಯುತ್ತದೆ, ಎಲ್ಲಿ ಅದನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ ಎಂಬುದು ಎರಡನೆಯ ಸಲಕ್ಕೇ ಕಿವಿಗೆ ಬೀಳುತ್ತದೆ.