ವಿಮಾನ ಹತ್ತೋ ಮುಂಚೆ ಏನು ತಿನ್ನೋದು?

ಈ ಸಂಚಿಕೆ ಹುಟ್ಟಿದ್ದು ಬೆಂಗಳೂರು ಏರ್‌ಪೋರ್ಟಿನಲ್ಲಿ. ಬೆಳಗ್ಗೆ ಆರೂವರೆಗೆ ದೆಹಲಿ ಫ್ಲೈಟು, ತುಮಕೂರಿನಿಂದ ಎರಡೂವರೆಗೇ ಹೊರಟಿದ್ವಿ. ಅಪ್ಪನಿಗೆ ಶುಗರ್ ಇದೆ. "ಹೇಗೂ ಅಲ್ಲಿ ತಿಂಡಿ ತಿಂತೀವಲ್ಲ" ಅಂತ ಕಾರಿನಲ್ಲೇ ಮಾತ್ರೆ ನುಂಗಿಬಿಟ್ಟಿದ್ರು. ಸೆಕ್ಯುರಿಟಿ ಸಾಲು ಮುಗಿಯೋ ಹೊತ್ತಿಗೆ ಅವರ ಕೈ ನಡುಗ್ತಿತ್ತು, ಹಣೆ ತುಂಬ ಬೆವರು. ನಾನೋ, ಹೆಲ್ದಿ ಯಾವುದು ಅಂತ ಅಂಗಡಿಗಳ ಬೋರ್ಡ್ ಓದ್ತಾ ನಿಂತಿದ್ದೆ!

ಗ್ಲಿಮೆಪಿರೈಡ್‌ನಂಥ ಮಾತ್ರೆ ನೀವು ತಿಂದಿದ್ದೀರೋ ಇಲ್ಲವೋ ನೋಡಲ್ಲ, ಇನ್ಸುಲಿನ್ ಹೊರಡಿಸ್ತಾನೇ ಇರತ್ತೆ. ಸಕ್ಕರೆ ಪ್ರಮಾಣ 70ಕ್ಕಿಂತ ಕೆಳಗಿಳಿದ್ರೆ ಕೂಡಲೇ 15 ಗ್ರಾಂ ಸಕ್ಕರೆ, ಅಂದ್ರೆ ಮೂರ್ನಾಲ್ಕು ಟೀ ಚಮಚ, ನೀರಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕಾಫಿ ಕೌಂಟರಿನಲ್ಲಿ ಪೊಟ್ಟಣ ಸಿಗತ್ತೆ. ಆದರೆ ಗಾಬರೀಲಿ ಶುಗರ್‌ಫ್ರೀ ಪೊಟ್ಟಣ ತರಬೇಡಿ, ಅದರಿಂದ ಏನೂ ಆಗಲ್ಲ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ವೈದ್ಯಕೀಯ ನೆರವು ಕರೆಸಿ.

ಅಪ್ಪ ಹತ್ತು ನಿಮಿಷಕ್ಕೆ ಸುಧಾರಿಸಿಕೊಂಡ್ರು. ಆಮೇಲೆ ತಿಂಡಿ ಪ್ರಶ್ನೆ. ಇಡ್ಲಿ ಒಳ್ಳೇದೇ, ಆದ್ರೆ ಬರೀ ಇಡ್ಲಿ ಬೇಗ ಸಕ್ಕರೆಯಾಗತ್ತೆ. ಜೊತೆಗೆ ಬೇಳೆ ಇರೋ ಸಾಂಬಾರ್, ಸಿಕ್ಕರೆ ಒಂದು ಆಮ್ಲೆಟ್ ತಗೊಳ್ಳಿ. ವಡೆ ಬಿಡಿ (ನನಗೂ ಕಷ್ಟಾನೇ). 10 ಅಥವಾ ಹೆಚ್ಚು ಮಳಿಗೆ ಇರೋ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಅದನ್ನ ನೋಡಿದ್ರೆ ಮಫಿನ್ ಆಸೆ ಸ್ವಲ್ಪ ಕಮ್ಮಿಯಾಗತ್ತೆ.

ನನ್ನ ತಕರಾರಿರೋದು ಬಿಸಿನೀರು ಹಾಕಿ ತಿನ್ನೋ ಕಪ್ ಉಪ್ಪಿಟ್ಟು, ಕಪ್ ಅವಲಕ್ಕಿ ಮೇಲೆ. ಮನೆ ತಿಂಡಿ ಹೆಸರು ನೋಡಿ ಮೋಸ ಹೋಗ್ತೀವಿ. ನಾನು ಓದಿದ್ದು ಬಿ.ಕಾಂ. ಕಂಪನಿ ವರದೀಲಿ ಮುಂದಿನ ಪುಟ ಬಿಟ್ಟು ಹಿಂದಿನ ಟಿಪ್ಪಣಿ ಓದು ಅಂತ ಮೇಷ್ಟ್ರು ಹೇಳ್ತಿದ್ರು, ಇಲ್ಲೂ ಹಾಗೇ. ಹಿಂದೆ ಸೋಡಿಯಂ ಎಷ್ಟಿದೆ ನೋಡಿ, ಎರಡೂವರೆಯಿಂದ ಗುಣಿಸಿ, ಅದು ಉಪ್ಪಿನ ಲೆಕ್ಕ. 800 ಮಿಲಿಗ್ರಾಂ ಅಂತಿದ್ರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ. ಜೊತೆಗೆ ಅಂಕಿ 100 ಗ್ರಾಂಗೋ, ಒಂದು ಕಪ್ಪಿಗೋ ಅಂತಲೂ ನೋಡ್ಕೊಳ್ಳಿ. ಬಿಪಿ ಇರೋರಿಗೆ ಇದು ಸಣ್ಣ ವಿಷಯ ಅಲ್ಲ.

ಸೋಡಾ, ಕೋಲಾ ಬೇಡ. ವಿಮಾನದೊಳಗಿನ ಗಾಳಿಯ ಒತ್ತಡ ಆರೆಂಟು ಸಾವಿರ ಅಡಿ ಬೆಟ್ಟದ ಮೇಲಿರೋ ಹಾಗಿರತ್ತೆ. ಹೊಟ್ಟೇಲಿರೋ ಗ್ಯಾಸ್ ಹಿಗ್ಗತ್ತೆ, ಕೂತಲ್ಲೇ ಒದ್ದಾಟ.

ವಾಪಸ್ ಬರುವಾಗ ದೆಹಲಿಯಲ್ಲಿ ಸೋದರತ್ತೆ ಚಪಾತಿ, ಒಣ ಪಲ್ಯ ಕಟ್ಟಿಕೊಟ್ರು. ದೇಶದೊಳಗಿನ ಫ್ಲೈಟಿಗೆ ಇಂಥ ಒಣ ತಿಂಡಿ ಕೈಚೀಲದಲ್ಲಿ ಒಯ್ಯಬಹುದು. ಚಟ್ನಿ, ಗೊಜ್ಜಿನಂಥ ನೀರು ಪದಾರ್ಥ ಬಿಟ್ಟುಬಿಡಿ, ಸುಮ್ಮನೆ ರಗಳೆ. ಇನ್ಸುಲಿನ್ ತಗೊಳ್ಳೋರು ಅದನ್ನೂ ಕೈಚೀಲದಲ್ಲೇ ಇಡಿ, ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ.

ಅವತ್ತು ಫ್ಲೈಟು ಒಂದೂವರೆ ಗಂಟೆ ತಡ. ಅಪ್ಪ ಗೇಟಿನ ಎದುರು ಕೂತು ಮೊದಲು ಡಬ್ಬಿ ಬಿಚ್ಚಿದ್ರು, ಆಮೇಲೆ ಜೇಬಿನಿಂದ ಮಾತ್ರೆ ತೆಗೆದ್ರು.