ಇಟ್ಟಂಗಿ ಭಟ್ಟಿಯಿಂದ ಆರ್ಕಿಡ್ ಕುಂಡಕ್ಕೆ

ಭಟ್ಟಿಯಲ್ಲಿ ಬೆಂಕಿ ಜಾಸ್ತಿಯಾದರೆ ಇಟ್ಟಂಗಿ ಕೆಡುತ್ತದೆ. ಅಂಚು ಸೊಟ್ಟಗಾಗುತ್ತದೆ, ಮೈ ಉಬ್ಬುತ್ತದೆ, ಗೋಡೆಗೆ ಕೂಡುವುದಿಲ್ಲ. ಅಂಥದ್ದನ್ನು ಎತ್ತಿ ಬದಿಗೆ ಒಗೆಯುವುದು ಎಲ್ಲ ಭಟ್ಟಿಗಳ ರೂಢಿ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಇಟ್ಟಂಗಿ ಸುಡಿಸುತ್ತಿದ್ದ ಸ್ಟೀಫನ್ ಹೇಡ್ ಹಾಗೆ ಒಗೆದು ಸುಮ್ಮನಾಗಲಿಲ್ಲ. ಉಬ್ಬಿದ ಇಟ್ಟಂಗಿ ಹಗುರ, ಆದರೂ ಗಟ್ಟಿ ಎಂಬುದು ಅವನಿಗೆ ಹೊಳೆಯಿತು. ಬೇಕೆಂದೇ ಉಬ್ಬಿಸುವ ವಿಧಾನ ಹುಡುಕಿ 1918ರಲ್ಲಿ ಪೇಟೆಂಟ್ ಪಡೆದ. ಇಂದು ಆರ್ಕಿಡ್ ಕುಂಡಗಳಿಗೆ ತುಂಬುವ ಕಂದು ಬಣ್ಣದ ಜೇಡಿಮಣ್ಣಿನ ಗುಂಡುಗಳ ವಂಶ ಶುರುವಾಗುವುದು ಅಲ್ಲಿಂದ.

ನಡುವೆ ಒಂದು ಹಡಗಿನ ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಉಕ್ಕಿಗೆ ಬರ ಬಂದು, ಅಮೆರಿಕ ಕಾಂಕ್ರೀಟಿನಲ್ಲೇ ಹಡಗು ಕಟ್ಟಲು ಹೊರಟಿತು. ಜಲ್ಲಿ ಹಾಕಿದ ಕಾಂಕ್ರೀಟು ವಿಪರೀತ ಭಾರ. ಜಲ್ಲಿಯ ಬದಲು ಹೇಡ್‌ನ ಉಬ್ಬಿದ ಮಣ್ಣಿನ ಚೂರು ಬಂತು. ಹಾಗೆ ಕಟ್ಟಿದ ತೈಲ ಹಡಗು ‘ಸೆಲ್ಮಾ’ 1919ರ ಜೂನ್ 28ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ, ನೀರಿಗಿಳಿಯಿತು. ಯುದ್ಧ ಮುಗಿದಿತ್ತು. ಮರುವರ್ಷ ಹಡಗು ಮೆಕ್ಸಿಕೊದ ಟಾಂಪಿಕೊದಲ್ಲಿ ತಡೆಗೋಡೆಗೆ ಬಡಿದು ಒಡೆಯಿತು. 1922ರಲ್ಲಿ ಅದನ್ನು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಮುಳುಗಿಸಿದರು. ನೂರು ವರ್ಷ ದಾಟಿದರೂ ಅದರ ಒಡಲು ಉಪ್ಪುನೀರಿನ ಮೇಲೆ ಕಾಣುತ್ತಲೇ ಇದೆ. ಕೊಳೆಯದ, ಕರಗದ ವಸ್ತುವಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

1939ರ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಜೇಡಿಮಣ್ಣನ್ನು ತಿರುಗುವ ಭಟ್ಟಿಯಲ್ಲಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟು, ಒಳಗಿನ ಅನಿಲದಿಂದ ಅದು ಉಬ್ಬಿ ಗುಂಡಾಗುವಂತೆ ಮಾಡತೊಡಗಿದರು. ಅದಕ್ಕೆ ‘ಲೆಕಾ’ ಎಂಬ ಹೆಸರು ನಿಂತಿತು. ಕಟ್ಟಡಕ್ಕೆಂದು ಹುಟ್ಟಿದ ಗುಂಡು ಯುರೋಪಿನ ಕಚೇರಿಗಳ ಗಿಡದ ಕುಂಡಕ್ಕೆ ಇಳಿಯಿತು, ಆಮೇಲೆ ಆರ್ಕಿಡ್ ಬೆಳೆಯುವವರ ಕೈಗೆ ಬಂತು.

ಆರ್ಕಿಡ್‌ಗೆ ಇಂಥ ವಸ್ತು ಏಕೆ ಬೇಕಾಯಿತು? ಮರದ ಮೇಲೆ ಬದುಕುವ ಆರ್ಕಿಡ್‌ನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರಿನ ಮೇಲಿರುವ ‘ವೆಲಮೆನ್’ ಎಂಬ ಪದರ ಮಳೆ ಬಿದ್ದಾಗ ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಇಂಥ ಬೇರನ್ನು ಮಣ್ಣಿನಲ್ಲಿ ಹೂತರೆ ಉಸಿರುಗಟ್ಟಿ ಕೊಳೆಯುತ್ತದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಭಾರತದಿಂದ, ದಕ್ಷಿಣ ಅಮೆರಿಕದಿಂದ ಹೋದ ಲೆಕ್ಕವಿಲ್ಲದಷ್ಟು ಗಿಡಗಳು ಬಿಸಿ ಗಾಜಿನಮನೆಗಳಲ್ಲಿ ಹೀಗೆಯೇ ಸತ್ತವು. 1817ರಲ್ಲೇ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಕಡ್ಡಿ ಹೆಣೆದ ಬುಟ್ಟಿಯಲ್ಲಿ ತೆಳುವಾಗಿ ಗೊಬ್ಬರ ಹರಡಿ, ಮೇಲೆ ಪಾಚಿ ಮುಚ್ಚಿ ಆರ್ಕಿಡ್ ಬೆಳೆಸುತ್ತಿದ್ದ. ದಾರಿ ಅದೇ ಆಗಿತ್ತು. ಹೆಚ್ಚಿನವರು ಅದನ್ನು ಹಿಡಿಯಲು ದಶಕಗಳೇ ಬೇಕಾದವು.

ಆಮೇಲೆ ಬಂದದ್ದು ಕಾಡಿನ ಸುಲಿಗೆ. ಆರ್ಕಿಡ್ ಕೂರಿಸಲು ಆಸ್ಮಂಡಾ ಜರಿಗಿಡದ ಬೇರಿನ ನಾರನ್ನು ಅಗೆದು ಅಗೆದು ತಂದರು. ಅದು ದುಬಾರಿಯಾದಾಗ ಮರಜರಿಗಿಡದ ಕಾಂಡವನ್ನು ಕೊಯ್ದು ಹಲಗೆ ಮಾಡಿದರು. ಪಶ್ಚಿಮ ಘಟ್ಟದ ತೊರೆಗಳ ದಂಡೆಯಲ್ಲೂ ಬೆಳೆಯುವ ಈ ಮರಜರಿ ಆಳೆತ್ತರ ಆಗಬೇಕಾದರೆ ವರ್ಷಗಳು ಬೇಕು. ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ ಈಗ ನಿಯಂತ್ರಿಸುತ್ತದೆ. ಒಂದು ಹೂವಿನ ಮೇಲಿನ ಪ್ರೀತಿಗೆ ಇನ್ನೊಂದು ಗಿಡವನ್ನು ಬುಡಸಮೇತ ಕಡಿಯುವುದು ನನ್ನಿಂದ ಒಪ್ಪಲಾಗದ ಮಾತು. ಸುಟ್ಟ ಗುಂಡಿನಂಥ ಕೃತಕ ಮಾಧ್ಯಮದ ಪರವಾಗಿ ನಾನು ನಿಲ್ಲುವುದಕ್ಕೆ ಮೊದಲ ಕಾರಣ ಇದೇ.

ಎರಡನೆಯ ಕಾರಣ ನಮ್ಮ ಹವೆ. ಬೆಂಗಳೂರಿನ ನರ್ಸರಿಗಳಿಂದ ಬರುವ ಡೆಂಡ್ರೋಬಿಯಂ ಆರ್ಕಿಡ್ ಸಾಮಾನ್ಯವಾಗಿ ಇದ್ದಲು, ತೆಂಗಿನ ಸಿಪ್ಪೆ, ಇಟ್ಟಂಗಿ ಚೂರುಗಳಲ್ಲಿ ಕೂತಿರುತ್ತದೆ. ಬೆಂಗಳೂರಿಗೆ ಅದು ಸರಿ. ಆದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗುತ್ತದೆ, ಬೋರ್‌ವೆಲ್ ನೀರು ಗಡುಸು. ತೆಂಗಿನ ಸಿಪ್ಪೆ ಬೇಸಿಗೆಯಲ್ಲಿ ಒಣಗಿ ಸೆಟೆಯುತ್ತದೆ, ಮಳೆಗಾಲದಲ್ಲಿ ಕೊಳೆಯುತ್ತದೆ. ಇದ್ದಲು ನೀರಿನ ಲವಣ ಹಿಡಿದಿಟ್ಟುಕೊಂಡು ಬೇರಿನ ತುದಿ ಸುಡುತ್ತದೆ.

ಕೃತಕ ವಸ್ತುಗಳೆಲ್ಲವೂ ಒಂದೇ ಅಲ್ಲ. ಥರ್ಮೋಕೋಲ್ ಚೂರು ನೀರು ಹಿಡಿಯುವುದಿಲ್ಲ. ಕುಂಡದ ತಳದಲ್ಲಿ ನೀರು ಬಸಿಯಲು ಹಾಕಬಹುದು, ಪೂರ್ತಿ ತುಂಬಿದರೆ ಗಾಳಿಗೆ ಕುಂಡ ಉರುಳುತ್ತದೆ. ಬಂಡೆ ಕರಗಿಸಿ ಎಳೆದ ರಾಕ್‌ವೂಲ್ ಬಹಳ ನೀರು ಹಿಡಿಯುತ್ತದೆ. ಮಳೆಗಾಲದಲ್ಲಿ ಮರೆತು ನೀರು ಹಾಕಿದರೆ ಬೇರು ಹೋದಂತೆ, ಅದರ ನಾರು ಚರ್ಮಕ್ಕೂ ಕಣ್ಣಿಗೂ ತುರಿಕೆ. ಪರ್ಲೈಟ್ ಹಗುರ, ನೀರು ಹಾಕಿದೊಡನೆ ತೇಲುತ್ತದೆ. ಜೇಡಿಮಣ್ಣಿನ ಗುಂಡು ತನ್ನೊಳಗೆ ಸ್ವಲ್ಪ ನೀರಿಟ್ಟುಕೊಂಡು, ಗುಂಡು-ಗುಂಡಿನ ಸಂದಿಯಲ್ಲಿ ಗಾಳಿ ಬಿಡುತ್ತದೆ, ಕೊಳೆಯುವುದಿಲ್ಲ. ತೊಳೆದು, ಕುದಿಸಿ ಮತ್ತೆ ಬಳಸಬಹುದು.

ಅದಕ್ಕೂ ಒಂದು ತೊಂದರೆ ಇದೆ. ಗಡುಸು ನೀರಿನ ಲವಣ ಗುಂಡಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಸುರಿದು ತೊಳೆಯಬೇಕು. ಮಳೆನೀರು ಹಿಡಿಯಲಾಗದವರು ಈ ಗುಂಡಿಗೆ ಕೈಹಾಕದಿರುವುದೇ ಒಳ್ಳೆಯದು. ಕುಂಡ ಕಪ್ಪಗಿದ್ದರೆ ಮಾಳಗಿ ಮೇಲೆ ಕಾದು ಬೇರು ಬೇಯುತ್ತದೆ. ಬಿಳಿಯದೋ ಮಣ್ಣಿನದೋ ಇರಲಿ, ಮೇಲೆ ನೆರಳು ಪರದೆ ಇರಲಿ.

ಕುಂಡ ಬಿಟ್ಟು ಹಲಗೆಗೆ ಕಟ್ಟುವವರು ಪ್ಲಾಸ್ಟಿಕ್ ಜಾಲರಿಯನ್ನು ಮಡಚಿ, ನೆರಳು ಪರದೆಯ ತುಂಡು ಸುತ್ತಿ, ನೈಲಾನ್ ದಾರದಿಂದ ಬಿಗಿಯಬಹುದು. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಚಿಮುಕಿಸುವವರಿಗೆ ಮಾತ್ರ ಇದು.

ದಖ್ಖನಿನ ಒಣ ಸೀಮೆಯಲ್ಲೂ ಬೆಳೆಯುವ ಆರ್ಕಿಡ್ ಒಂದಿದೆ: ವಂಡಾ ಟೆಸೆಲ್ಲೇಟಾ. 1795ರಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ಸೀಮೆಯ ಸಸ್ಯಗಳ ಪುಸ್ತಕದಲ್ಲಿ ಇದರ ಚಿತ್ರ ಅಚ್ಚು ಹಾಕಿಸಿದ. ಮಾವಿನಂಥ ಹಳೆಯ ಮರಗಳ ಒರಟು ತೊಗಟೆ ಹಿಡಿದು ಬದುಕುವ ಇದಕ್ಕೆ ಕುಂಡವೂ ಬೇಡ, ಗುಂಡೂ ಬೇಡ, ಮರ ಉಳಿದರೆ ಸಾಕು. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದೂ ಇಂಥ ಮರಗಳೇ. ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಡೆಂಡ್ರೋಬಿಯಂ ತಂದರೆ ಮರಜರಿಯ ಹಲಗೆಯನ್ನೂ ಕಾಡಿನ ಪಾಚಿಯನ್ನೂ ಕೇಳಬೇಡಿ, ಸುಟ್ಟ ಜೇಡಿಮಣ್ಣಿನ ಗುಂಡು ಕೊಳ್ಳಿ. ನಿಮ್ಮ ಊರ ರಸ್ತೆಯಲ್ಲಿ ಮರಕ್ಕೆ ಕೊಡಲಿ ಬೀಳುವ ಮೊದಲು ಅದರ ಕೊಂಬೆಗಳನ್ನೊಮ್ಮೆ ನೋಡಿ, ಅಲ್ಲಿ ವಂಡಾ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.