ಶ್ರುತಿಪೆಟ್ಟಿಗೆಯಿಂದ ಮಿಕ್ಸರಿಗೆ: ಎರಡು ತಂತಿ, ಮೂರು ತಂತಿಯ ಕಥೆ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಮಂಗಳೂರಿನ ಸೌಂಡ್ಸ್‌ನವರಿಗೆ ಬಿಡುವಿಲ್ಲ. ಇವತ್ತು ಬಯಲಾಟ, ನಾಳೆ ಪುರಭವನದಲ್ಲಿ ರಂಗಪ್ರವೇಶ, ನಾಡಿದ್ದು ತುಳು ನಾಟಕ, ಮತ್ತೊಂದು ದಿನ ಇಗರ್ಜಿಯ ಹಬ್ಬ. ಈಗ ಸ್ಪೀಕರು, ಮಿಕ್ಸರು, ಮೈಕು ಎಲ್ಲವೂ ಒಳ್ಳೆಯವೇ ಇರುತ್ತವೆ. ಆದರೂ ಸಭೆ ತುಂಬುವ ಮುಂಚೆ ಸ್ಪೀಕರಿನ ಹತ್ತಿರ ನಿಂತರೆ ಒಂದು ಗುಂಯ್ ಸದ್ದು ಕೇಳುತ್ತದೆ. ಮೈಕುಗಳನ್ನೆಲ್ಲ ಮುಚ್ಚಿದರೂ ಅದು ಹೋಗುವುದಿಲ್ಲ. ಭಾಗವತರ ಪಕ್ಕದಲ್ಲಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯದ್ದೋ, ಹಾಡು ಹಾಕುವ ಲ್ಯಾಪ್‌ಟಾಪಿನದ್ದೋ ವೈರು ಕಿತ್ತರೆ ಥಟ್ಟನೆ ನಿಲ್ಲುತ್ತದೆ.

ಚೆಂಡೆ ಬಿದ್ದ ಮೇಲೆ ಯಾರಿಗೆ ಕೇಳುತ್ತದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ಬಿಡುವಂಥದ್ದಲ್ಲ ಅದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಗುಂಯ್ ಸದ್ದು ಅದರದ್ದೇ. ಜೊತೆಗೆ 100, 150, 200 ಎಂದು ಅದರ ಮೇಲಿನ ಸ್ವರಗಳೂ ಇರುತ್ತವೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರಿಗೆ ಕೆಳಗಿನ ಪಂಚಮ ಸುಮಾರು 98ಕ್ಕೆ ಬರುತ್ತದೆ, ಗುಂಯ್ ಸದ್ದು 100ಕ್ಕೆ. ಅಂದರೆ ಪಂಚಮಕ್ಕಿಂತ ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಮೇಲೆ, ಬೇಸುರಾದ ಇನ್ನೊಂದು ಪಂಚಮ ರಾತ್ರಿಯಿಡೀ ನುಡಿಯುತ್ತಲೇ ಇರುತ್ತದೆ. ಆಲಾಪನೆಯಲ್ಲಿ ದನಿ ಪಂಚಮದ ಮೇಲೆ ನಿಂತಾಗ ಯಾಕೋ ಹಿತವಾಗಲಿಲ್ಲ ಅನ್ನಿಸಿದರೆ ತಪ್ಪು ಭಾಗವತರದ್ದು ಆಗಿರಬೇಕೆಂದಿಲ್ಲ.

ಶ್ರುತಿಪೆಟ್ಟಿಗೆಯಲ್ಲಾಗಲಿ ಮಿಕ್ಸರಿನಲ್ಲಾಗಲಿ ದೋಷವಿಲ್ಲ. ಅವೆರಡೂ ಬೇರೆ ಬೇರೆ ಮನೆತನದವು. ಮಿಕ್ಸರಿನ ಮೂರು ಪಿನ್ನಿನ ಕಿಂಡಿ ಬಂದದ್ದು ಟೆಲಿಫೋನಿನ ವಂಶದಿಂದ. ಶ್ರುತಿಪೆಟ್ಟಿಗೆಯ ಎರಡು ತಂತಿಯ ಜಾಕು ಬಂದದ್ದು ಮನೆಯ ರೇಡಿಯೊ, ಗ್ರಾಮಫೋನುಗಳಿಂದ.

ಮೊದಲಿನ ಟೆಲಿಫೋನುಗಳಿಗೆ ತಂತಿ ಒಂದೇ. ವಾಪಸು ದಾರಿ ನೆಲ. ಟೆಲಿಗ್ರಾಫಿಗೆ ಅಷ್ಟು ಸಾಕಾಗಿತ್ತು, ಮಾತಿಗೆ ಸಾಲಲಿಲ್ಲ. ಪಕ್ಕದ ತಂತಿಯ ಕಟಕಟ ಸದ್ದು ಕೇಳುತ್ತಿತ್ತು. ಪಟ್ಟಣಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದ ಮೇಲಂತೂ ಮಾತು ಕೇಳುವುದೇ ಕಷ್ಟವಾಯಿತು. ಮದ್ದು ಅಷ್ಟರಲ್ಲಾಗಲೇ ಸಿಕ್ಕಿತ್ತು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ತಂತಿಗಳನ್ನು ಒಂದರ ಜೊತೆ ಒಂದು ಹೊಸೆದು ಎಳೆಯುವ ಪದ್ಧತಿಗೆ ಪೇಟೆಂಟ್ ಪಡೆದ. ಹೊರಗಿನ ಸದ್ದು ಎರಡು ತಂತಿಗೂ ಒಂದೇ ಸಮ ಅಂಟಿಕೊಳ್ಳುತ್ತದೆ. ಕೊನೆಯಲ್ಲಿರುವ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡರೆ, ಎರಡರಲ್ಲೂ ಸಮನಾಗಿರುವ ಕಸ ತಾನಾಗಿ ಕಳೆದುಹೋಗುತ್ತದೆ, ಮಾತು ಉಳಿಯುತ್ತದೆ. ಬ್ಯಾಲೆನ್ಸ್‌ಡ್ ಲೈನ್ ಎಂದು ಇಂದು ಕರೆಯುವುದರ ತಿರುಳು ಇಷ್ಟೇ. 1882ರ ಜನವರಿಯಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ತೆರೆದಾಗ ಈ ವಿದ್ಯೆಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ರೇಡಿಯೊ ಬಂದಾಗ ಅದು ಟೆಲಿಫೋನಿನವರ ತಂತಿ, ಟ್ರಾನ್ಸ್‌ಫಾರ್ಮರು, 600 ಓಮಿನ ಲೆಕ್ಕ ಎಲ್ಲವನ್ನೂ ಎತ್ತಿಕೊಂಡಿತು. 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಮತ್ತು ಎರಡು ದೊಡ್ಡ ಪ್ರಸಾರ ಸಂಸ್ಥೆಗಳು ಸೇರಿ ಗೊತ್ತುಮಾಡಿದ, ದನಿಯ ಮಟ್ಟ ತೋರಿಸುವ ವಿಯು ಮೀಟರಿನ ಮುಳ್ಳು ಇವತ್ತಿಗೂ ಮಿಕ್ಸರುಗಳ ಮೇಲೆ ಚಿತ್ರವಾಗಿ ಉಳಿದಿದೆ. ಲಾಸ್ ಏಂಜಲಿಸಿನಲ್ಲಿ ಜೇಮ್ಸ್ ಕ್ಯಾನನ್ ಕಟ್ಟಿದ ಕಂಪನಿಯ ಮೂರು ಪಿನ್ನಿನ ಕನೆಕ್ಟರು ಬೆಳೆದು ಎಕ್ಸ್‌ಎಲ್‌ಆರ್ ಆಯಿತು. ಅದರಲ್ಲಿ ಒಂದನೇ ಪಿನ್ನಿಗೆ ಶೀಲ್ಡ್, ಎರಡಕ್ಕೆ ಹಾಟ್, ಮೂರಕ್ಕೆ ಕೋಲ್ಡ್ ಎಂದು ಲಿಖಿತವಾಗಿ ನಿಗದಿಯಾದದ್ದು ಮಾತ್ರ ಬಹಳ ತಡವಾಗಿ, 1992ರಲ್ಲಿ. ಅಲ್ಲಿಯವರೆಗೆ ಎರಡು, ಮೂರನ್ನು ಅದಲುಬದಲು ಮಾಡಿದ ಉಪಕರಣಗಳೂ ಮಾರುಕಟ್ಟೆಯಲ್ಲಿದ್ದವು.

ಕರ್ನಾಟಕದಲ್ಲಿ ರೇಡಿಯೊ ಮೊದಲು ನುಡಿದದ್ದು ಮೈಸೂರಿನಲ್ಲಿ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ. ಮರುವರ್ಷ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂತು. ಅದೇ ಹೊತ್ತಿಗೆ ಬಿಬಿಸಿಯಿಂದ ಬಂದ ಸಿ.ಡಬ್ಲ್ಯು. ಗೋಯ್ಡರ್ ಒಂದು ದಶಕ ಅದರ ಮುಖ್ಯ ಎಂಜಿನಿಯರಾಗಿದ್ದರು. ಟೆಲಿಫೋನ್ ವಂಶದ ಶಿಸ್ತು ನಮ್ಮ ಸ್ಟುಡಿಯೊಗಳಿಗೆ ಹೀಗೆ ಬಂತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಕರಾವಳಿಗೂ ಅದು ತಲುಪಿತು. ಕದ್ರಿಯ ಸ್ಟುಡಿಯೊದಿಂದ ಬಂದ ತಾಳಮದ್ದಳೆಗಳನ್ನು ಕೇಳಿ ಬೆಳೆದವರಿಗೆ ನೆನಪಿರಬಹುದು, ಅರ್ಥಧಾರಿ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುವ ಆ ಮೌನದಲ್ಲಿ ಗುಂಯ್ ಎಂಬುದಿರುತ್ತಿರಲಿಲ್ಲ.

ಇನ್ನೊಂದು ವಂಶದ ಕಥೆ ಸಣ್ಣದು. 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ರೇಡಿಯೊ ಪೆಟ್ಟಿಗೆಗೆ ಗ್ರಾಮಫೋನ್ ಜೋಡಿಸಲು ಒಂದು ಅಗ್ಗದ ಪಿನ್ನು ಮಾಡಿತು: ನಡುವೆ ಒಂದು ತಂತಿ, ಸುತ್ತ ಶೀಲ್ಡ್. ಶೀಲ್ಡೇ ವಾಪಸು ದಾರಿ. ಮೂರಡಿ ವೈರಿಗೆ ಅದು ಧಾರಾಳ ಸಾಕು. ಟೇಪ್‌ರೆಕಾರ್ಡರು, ವಾಕ್‌ಮನ್, ಕೀಬೋರ್ಡು, ಮೊಬೈಲು ಎಲ್ಲವೂ ಅದೇ ದಾರಿ ಹಿಡಿದವು. 1979ರ ಹೊತ್ತಿಗೆ ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿ, ತಂಬೂರಿಗಳನ್ನು ತಂದರು. ಅವರು ಸ್ವತಃ ಕೊಳಲುವಾದಕರು, ಎಂಜಿನಿಯರು ಕೂಡ. ಸಂಗೀತದವರ ಬದುಕನ್ನು ಇಷ್ಟು ಹಗುರ ಮಾಡಿದ ಕನ್ನಡನಾಡಿನ ಯಂತ್ರ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಒತ್ತುವ ಕೈಗೆ ದಣಿವಿಲ್ಲ, ಮಳೆಗಾಲಕ್ಕೆ ತಂಬೂರಿಯ ತಂತಿ ಇಳಿಯುವ ತಾಪತ್ರಯವಿಲ್ಲ. ಆದರೆ ಇಂಥ ಪೆಟ್ಟಿಗೆಗಳು ಹುಟ್ಟಿದ್ದು ಹಾಡುವವರ ಮಗ್ಗುಲಲ್ಲಿ ಇಟ್ಟುಕೊಳ್ಳಲು. ಹಾಗಾಗಿ ಅವುಗಳ ಹಿಂದೆ ಇರುವುದು ಎರಡು ತಂತಿಯ ಪುಟ್ಟ ಜಾಕು.

ಮೈಕ್‌ಸೆಟ್ಟಿನ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಆಂಪ್ಲಿಫೈಯರು ವೇದಿಕೆಯ ಪಕ್ಕದಲ್ಲೇ ಇರುತ್ತಿತ್ತು. ವೈರು ಗಿಡ್ಡ, ಕರೆಂಟು ಒಂದೇ ಪ್ಲಗ್ಗಿನಿಂದ. ಆಮೇಲೆ ಮಿಕ್ಸರು ವೇದಿಕೆ ಬಿಟ್ಟು ಸಭೆಯ ಹಿಂದಕ್ಕೆ ಹೋಯಿತು. ಕೇಳುಗರ ಕಿವಿಯಿಂದಲೇ ಕೇಳಿ ಹದ ಮಾಡುವುದಕ್ಕೆ ಅದು ಬೇಕೇ ಬೇಕು. ಆದರೆ ನಡುವೆ ನೂರು ಅಡಿ ವೈರು ಬಂತು. ವೇದಿಕೆಗೆ ಒಂದು ಪಾಯಿಂಟಿನ ಕರೆಂಟು, ಮಿಕ್ಸರಿಗೆ ಇನ್ನೊಂದರದ್ದು. ಎರಡು ಕಡೆಯ ಅರ್ಥ್ ನಡುವೆ ಸದಾ ಅಷ್ಟಿಷ್ಟು ವೋಲ್ಟಿನ ವ್ಯತ್ಯಾಸ ಇದ್ದೇ ಇರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ಇನ್ನಷ್ಟು ದುರ್ಬಲ. ಬಯಲಾಟ, ನೇಮಗಳ ಭರಾಟೆಯೂ ಆಗಲೇ. ಆ ವ್ಯತ್ಯಾಸದ ಕರೆಂಟು ಶೀಲ್ಡಿನಲ್ಲಿ ಹರಿಯುತ್ತದೆ. ಎರಡು ತಂತಿಯ ವೈರಿನಲ್ಲಿ ಶೀಲ್ಡೇ ಹಾಡಿನ ಅರ್ಧ ದಾರಿಯಾದ್ದರಿಂದ ಅದು ಹಾಡಿನ ಜೊತೆ ಬೆರೆತೇ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರು ತೆಗೆದ ಕೂಡಲೇ ಸದ್ದು ನಿಲ್ಲುವುದನ್ನು ಸೌಂಡ್ಸ್‌ನವರೆಲ್ಲ ನೋಡಿದ್ದಾರೆ. ಚಾರ್ಜರು ತೆಗೆದರೆ ಅರ್ಥ್‌ಗಳ ನಡುವಿನ ಈ ಸುತ್ತು ತುಂಡಾಗುತ್ತದೆ, ಕಾರಣ ಅಷ್ಟೇ.

ಇದಕ್ಕಿಂತ ವಿಚಿತ್ರವಾದದ್ದು ರಂಗಪ್ರವೇಶಗಳಲ್ಲಿ ಆಗುವುದುಂಟು. ಲ್ಯಾಪ್‌ಟಾಪಿನ ಇಯರ್‌ಫೋನ್ ಕಿಂಡಿಯಿಂದ ನೇರವಾಗಿ ಎಕ್ಸ್‌ಎಲ್‌ಆರ್‌ಗೆ ಹೋಗುವ ಒಂದೇ ಕೇಬಲ್ ಹಾಕಿ ಹಾಡು ಬಿಟ್ಟಾಗ ಮೃದಂಗದ ಗುಂಗು ಕೇಳುತ್ತದೆ, ವಯಲಿನ್ ದೂರದಲ್ಲಿ ತೇಲುತ್ತದೆ, ಹಾಡುವವರ ದನಿಯೇ ಇಲ್ಲ! ಹುಡುಗಿ ವೇದಿಕೆಯ ಮೇಲೆ ಅರಮಂಡಿಯಲ್ಲಿ ಕೂತು ಸಾಹಿತ್ಯಕ್ಕಾಗಿ ಕಾಯುತ್ತಿರುತ್ತಾಳೆ. ಫೈಲ್ ಕೆಟ್ಟಿದೆ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಫೈಲಿಗೆ ಏನೂ ಆಗಿರುವುದಿಲ್ಲ. ಆ ಕಿಂಡಿಯಲ್ಲಿರುವುದು ಎಡ, ಬಲ ಎಂಬ ಎರಡು ಹಾಡು. ಕೇಬಲ್ ಎಡವನ್ನು ಎರಡನೇ ಪಿನ್ನಿಗೆ, ಬಲವನ್ನು ಮೂರನೆಯದಕ್ಕೆ ಕೊಡುತ್ತದೆ. ಮಿಕ್ಸರು ತನ್ನ ಧರ್ಮದಂತೆ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಂಡು, ಎರಡೂ ಕಡೆ ಸಮನಾಗಿರುವುದನ್ನು ಕಳೆಯುತ್ತದೆ. ಮುಖ್ಯ ಗಾಯನವನ್ನು ಸಾಮಾನ್ಯವಾಗಿ ಎಡಬಲಕ್ಕೆ ಸಮವಾಗಿಯೇ ಧ್ವನಿಮುದ್ರಿಸುತ್ತಾರೆ, ಆದ್ದರಿಂದ ಅದೇ ಮಾಯವಾಗುತ್ತದೆ. ಗುಂಯ್ ಸದ್ದನ್ನು ಹೊರಹಾಕುವ ವಿದ್ಯೆಯೇ ಇಲ್ಲಿ ಗಾಯಕಿಯನ್ನು ಹೊರಹಾಕುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಪಿನ್ನಿಟ್ಟು ಎರಡು ಚಾನೆಲಿಗೆ ಕೊಟ್ಟರೆ ದನಿ ಕೂಡಲೇ ಮರಳುತ್ತದೆ.

ಶ್ರುತಿಪೆಟ್ಟಿಗೆಗೆ ಸರಿಯಾದ ಕೇಬಲ್ ಮಾಡುವುದು ಒಂದು ಸೋಲ್ಡರಿಂಗ್ ಐರನ್ ಇದ್ದರೆ ಕಾಲು ಗಂಟೆಯ ಕೆಲಸ. ನಡುವೆ ಒಂದೇ ತಂತಿಯಿರುವ ಶೀಲ್ಡ್ ವೈರು ಬೇಡ. ಒಳಗೆ ಎರಡು ತಂತಿ, ಮೇಲೆ ಹೆಣೆದ ತಾಮ್ರದ ಬಲೆ ಇರುವ ಮೈಕ್ ಕೇಬಲ್ ಬೇಕು. ಎಕ್ಸ್‌ಎಲ್‌ಆರ್ ಕಡೆ ಬಲೆ ಒಂದನೇ ಪಿನ್ನಿಗೆ, ಕೆಂಪು ತಂತಿ ಎರಡಕ್ಕೆ, ಇನ್ನೊಂದು ಮೂರಕ್ಕೆ. ಜಾಕಿನ ಕಡೆ ಕೆಂಪು ತಂತಿ ತುದಿಗೆ; ಇನ್ನೊಂದು ತಂತಿಯನ್ನೂ ಬಲೆಯನ್ನೂ ಸೇರಿಸಿ ಹೊರಮೈಗೆ. ಈಗ ಅರ್ಥ್‌ನ ಕರೆಂಟು ಬಲೆಯಲ್ಲಿ ಹರಿದರೂ ಹಾಡಿನ ವಾಪಸು ದಾರಿ ಬೇರೆಯೇ ಇದೆ. ಮಿಕ್ಸರು ವ್ಯತ್ಯಾಸ ನೋಡುವಾಗ ಕಸ ಬಹುಪಾಲು ಕಳೆದುಹೋಗುತ್ತದೆ. ಎಕ್ಸ್‌ಎಲ್‌ಆರ್ ಒಳಗೇ ಒಂದನ್ನೂ ಮೂರನ್ನೂ ಬೆಸೆದುಬಿಡುವ ರೂಢಿ ಅಗ್ಗದ ಕೇಬಲುಗಳಲ್ಲಿ ಇದೆ. ಅಲ್ಲಿ ಮೂರು ಪಿನ್ನಿರುವುದು ಹೆಸರಿಗೆ ಮಾತ್ರ. ಕೆಲಸ ಮಾಡುವುದು ಎರಡು ತಂತಿಯೇ. ಕೊಳ್ಳುವಾಗ ಪಿನ್ ಬಿಚ್ಚಿ ನೋಡಿಯೇ ಕೊಳ್ಳಬೇಕು.

ದನಿಯ ಮಟ್ಟದ ವ್ಯತ್ಯಾಸವೂ ಒಂದಿದೆ. ಸ್ಟುಡಿಯೊ ಉಪಕರಣಗಳ ರೂಢಿಯ ಮಟ್ಟ 1.23 ವೋಲ್ಟ್, ಮನೆಯ ಉಪಕರಣಗಳದ್ದು 0.316, ಸುಮಾರು ನಾಲ್ಕನೇ ಒಂದು ಪಾಲು. ಗೇನ್ ಸ್ವಲ್ಪ ತಿರುಗಿಸಿದರೆ ಅದು ಸರಿಹೋಗುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು 48 ವೋಲ್ಟಿನ ಫ್ಯಾಂಟಮ್ ಬಗ್ಗೆ. ಕಂಡೆನ್ಸರ್ ಮೈಕಿಗಾಗಿ ಒತ್ತಿದ ಆ ಗುಂಡಿ ಹಲವು ಮಿಕ್ಸರುಗಳಲ್ಲಿ ಎಲ್ಲ ಮೈಕ್ ಚಾನೆಲಿಗೂ ಒಟ್ಟಿಗೆ ಕರೆಂಟು ಬಿಡುತ್ತದೆ. ಅದು ಶ್ರುತಿಪೆಟ್ಟಿಗೆಯ ಅಥವಾ ಮೊಬೈಲಿನ ಒಳಹೊಕ್ಕರೆ ಅವು ಸುಟ್ಟುಹೋಗಬಹುದು.

ನೂರು ಅಡಿಯ ದಾರಿಗೆ, ದಿನಕ್ಕೊಂದು ಊರಿಗೆ ಹೋಗುವ ಮೇಳಕ್ಕೆ ಡಿಐ ಬಾಕ್ಸೇ ಒಳ್ಳೆಯದು. ಅಂಗೈಯಗಲದ ಆ ಕಬ್ಬಿಣದ ಪೆಟ್ಟಿಗೆಯೊಳಗಿರುವ ಟ್ರಾನ್ಸ್‌ಫಾರ್ಮರು ಹಾಡನ್ನು ಕಾಂತದ ಮೂಲಕ ದಾಟಿಸುತ್ತದೆ. ಆ ಕಡೆಯ ತಂತಿ ಈ ಕಡೆಯ ತಂತಿಯನ್ನು ಮುಟ್ಟುವುದೇ ಇಲ್ಲ, ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸುತ್ತು ಪೂರ್ತಿ ತುಂಡು. ಫ್ಯಾಂಟಮ್ ಕೂಡ ಟ್ರಾನ್ಸ್‌ಫಾರ್ಮರ್ ದಾಟಿ ಬಾರದು. ಬ್ಯಾಟರಿ ಬೇಡದ, ಟ್ರಾನ್ಸ್‌ಫಾರ್ಮರು ಇರುವ ಪ್ಯಾಸಿವ್ ಬಾಕ್ಸು ಕೇಳಿ ತೆಗೆದುಕೊಳ್ಳಿ. ನೂರು ವರ್ಷಕ್ಕೂ ಹಿಂದೆ ಟೆಲಿಫೋನಿನವರು ನಂಬಿದ ವಸ್ತುವನ್ನೇ ಇವತ್ತಿಗೂ ನಂಬಬಹುದು. ಪಿನ್ನುಗಳನ್ನು ಮಾತ್ರ ಮಳೆಗಾಲ ಮುಗಿದ ಮೇಲೆ ಒಮ್ಮೆ ಒರೆಸಿ ನೋಡಬೇಕು, ನಮ್ಮ ಉಪ್ಪುಗಾಳಿಗೆ ಹಿತ್ತಾಳೆ ಹಸಿರು ಕಟ್ಟುತ್ತದೆ.

ಇನ್ನೊಂದು ದಾರಿಯೂ ನಮ್ಮಲ್ಲಿ ಚಾಲ್ತಿಯಲ್ಲಿದೆ: ಮಿಕ್ಸರಿನದ್ದೋ ಆಂಪ್ಲಿಫೈಯರಿನದ್ದೋ ಪ್ಲಗ್ಗಿನಲ್ಲಿ ದಪ್ಪಗಿರುವ ಅರ್ಥ್ ಪಿನ್ನನ್ನು ಕತ್ತರಿಸಿಬಿಡುವುದು. ಗುಂಯ್ ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗೆಲ್ಲಾದರೂ ಫೇಸ್ ತಂತಿ ಕವಚಕ್ಕೆ ತಾಗಿದರೆ 230 ವೋಲ್ಟು ಶೀಲ್ಡಿನಗುಂಟ ಹರಿದು ಭಾಗವತರ ಕೈಯ ಮೈಕಿಗೆ ಬರುತ್ತದೆ, ಬೆವರಿದ ಕೈಗೆ. ಮಕ್ಕಳು ಕುಣಿಯುವ ವೇದಿಕೆಯೂ ಅದೇ. ಸಭಾಭವನದವರಲ್ಲಿ, ಮೇಳದ ಯಜಮಾನರಲ್ಲಿ, ಸೌಂಡ್ಸ್‌ನ ಹುಡುಗರಲ್ಲಿ ನನ್ನ ಕೋರಿಕೆ ಇಷ್ಟೇ: ಅರ್ಥ್ ಪಿನ್ನನ್ನು ಮುಟ್ಟಬೇಡಿ. ವೇದಿಕೆಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಕರೆಂಟು ತೆಗೆಯಿರಿ, ಪೆಟ್ಟಿಗೆಯಲ್ಲಿ ಎರಡು ಡಿಐ ಬಾಕ್ಸ್ ಇಟ್ಟುಕೊಳ್ಳಿ. ಈ ಸಲದ ತಿರುಗಾಟ ಶುರುವಾಗುವ ಮುಂಚೆಯೇ ಇಟ್ಟುಕೊಳ್ಳಿ.